ಹದಿಮೂರನೇ ಆಟಗಾರನಿಗಾಗಿ ಒಂದು ಬೇಸಿಗೆ

2024ರ ಜೂನ್ 24ರ ರಾತ್ರಿ, ಫ್ಲಾರಿಡಾದ ಸನ್‌ರೈಸ್ ಪಟ್ಟಣದಲ್ಲಿ ಐಸ್ ಹಾಕಿಯ ಸ್ಟ್ಯಾನ್ಲಿ ಕಪ್ ಫೈನಲ್‌ನ ಏಳನೆಯ ಹಾಗೂ ಕೊನೆಯ ಪಂದ್ಯ. ಮೊದಲ ಮೂರು ಪಂದ್ಯಗಳನ್ನು ಸೋತ ಕೆನಡಾದ ಎಡ್ಮಂಟನ್ ಆಯಿಲರ್ಸ್, ನಂತರದ ಮೂರನ್ನೂ ಗೆದ್ದು ಫ್ಲಾರಿಡಾ ಪ್ಯಾಂಥರ್ಸ್ ತಂಡದ ಎದೆಯಲ್ಲಿ ನಡುಕ ಹುಟ್ಟಿಸಿತ್ತು. ಆ ರಾತ್ರಿ ಮೊದಲ ಗೋಲು ಫ್ಲಾರಿಡಾದ್ದು. ಕೆಲವೇ ನಿಮಿಷಗಳಲ್ಲಿ ಎಡ್ಮಂಟನ್‌ನ ರಕ್ಷಣಾ ಆಟಗಾರ ಕೋಡಿ ಸೀಸಿ ತನ್ನ ತುದಿಯಿಂದ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಉದ್ದಕ್ಕೆ ಕಳುಹಿಸಿದರು. ಎದುರಾಳಿಗಳ ಬೆನ್ನ ಹಿಂದೆ ನುಸುಳಿದ್ದ ಮಟಿಯಾಸ್ ಯಾನ್ಮಾರ್ಕ್ ಅದನ್ನು ಹಿಡಿದು ಒಂಟಿಯಾಗಿ ಓಡಿ ಗೋಲು ಹೊಡೆದರು. ಒಂದಕ್ಕೆ ಒಂದು. ಎಡ್ಮಂಟನ್‌ಗೆ ಆ ರಾತ್ರಿ ದಕ್ಕಿದ್ದು ಅದೊಂದೇ. ಪಂದ್ಯ 2-1ರಲ್ಲಿ ಕೈಬಿಟ್ಟುಹೋಯಿತು.

ಕಾನರ್ ಮೆಕ್‌ಡೇವಿಡ್ ಈ ಕಾಲದ ಅತ್ಯುತ್ತಮ ಐಸ್ ಹಾಕಿ ಆಟಗಾರ. ಸೋತ ತಂಡದಲ್ಲಿದ್ದರೂ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಬಂತು. ಆದರೆ ಕೊನೆಯ ಎರಡು ಪಂದ್ಯಗಳಲ್ಲಿ ಅವರ ಹೆಸರಿಗೆ ಒಂದು ಗೋಲಾಗಲಿ, ಗೋಲಿಗೆ ನೆರವಾಗಲಿ ಇರಲಿಲ್ಲ. ಅಂತಹ ರಾತ್ರಿ ತಂಡದ ಗೋಲು ಬಂದದ್ದು ಕೆಳಸಾಲಿನ ಇಬ್ಬರಿಂದ. ಅವರಲ್ಲಿ ಒಬ್ಬರ ಒಪ್ಪಂದ ಇನ್ನೊಂದು ವಾರಕ್ಕೆ ಮುಗಿಯುವುದಿತ್ತು. ಇನ್ನೊಬ್ಬರನ್ನು ಮಾರಿಬಿಡಬೇಕೆಂದು ಅಭಿಮಾನಿಗಳೇ ಚಳಿಗಾಲವಿಡೀ ಕೂಗುತ್ತಿದ್ದರು. ಅತ್ತ ಫ್ಲಾರಿಡಾಕ್ಕೆ ಮೊದಲ ಗೋಲು ಹೊಡೆದ ಕಾರ್ಟರ್ ವೆರ್ಹೇಗಿಯ ಕತೆಯೂ ಕಡಿಮೆಯದಲ್ಲ. 2020ರಲ್ಲಿ ಕಪ್ ಗೆದ್ದ ಟ್ಯಾಂಪಾ ತಂಡ, ಹಣ ಸಾಲದೆ, ಅವರನ್ನು ಉಳಿಸಿಕೊಳ್ಳುವ ಪ್ರಸ್ತಾಪವನ್ನೇ ಮುಂದಿಡಲಿಲ್ಲ. ಫ್ಲಾರಿಡಾ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗೆ ಕರೆದುಕೊಂಡಿತು. ಈ ಲೀಗಿನಲ್ಲಿ ಅದು ಚಿಲ್ಲರೆ ಹಣ.

ಹಾಗಾಗಿ ಉತ್ತರ ಅಮೆರಿಕದ ಹಾಕಿ ಅಭಿಮಾನಿಗಳು ಬೇಸಿಗೆಯುದ್ದಕ್ಕೂ ನಾಲ್ಕನೇ ಸಾಲಿನ ಎಡಬದಿಗೆ ಯಾರು, ಮೂರನೇ ಜೋಡಿಯ ಬಲಬದಿಗೆ ಯಾರು, ಹದಿಮೂರನೇ ಫಾರ್ವರ್ಡ್ ಯಾರು ಎಂದು ಗಂಟಲು ಹರಿದುಕೊಂಡು ವಾದಿಸುವುದು ಹೊರಗಿನವರಿಗೆ ಹುಚ್ಚಿನಂತೆ ಕಂಡರೂ ನನಗೆ ಹಾಗೆ ಕಾಣುವುದಿಲ್ಲ. ಆ ವಾದ ಯಾವುದರ ಬಗ್ಗೆ ಎಂಬುದನ್ನು ಬಿಡಿಸಿ ಹೇಳಲು ಆಯಿಲರ್ಸ್ ತಂಡದ 2024ರ ಬೇಸಿಗೆಗಿಂತ ಒಳ್ಳೆಯ ಉದಾಹರಣೆ ಸಿಗದು.

ಹಾಕಿ ಎಂದರೆ ನಮಗೆ ಮೊದಲು ನೆನಪಾಗುವುದು ಕೊಡಗಿನ ಮೈದಾನಗಳು. ಇದು ಬೇರೆಯೇ ಆಟ. ಮಂಜುಗಡ್ಡೆಯ ಮೇಲೆ ಗೋಲ್‌ಕೀಪರ್ ಬಿಟ್ಟು ಐವರು: ಮೂವರು ಫಾರ್ವರ್ಡ್, ಇಬ್ಬರು ರಕ್ಷಣಾ ಆಟಗಾರರು. ಓಟದ ವೇಗ ಎಷ್ಟೆಂದರೆ ಮುಕ್ಕಾಲು ನಿಮಿಷದೊಳಗೆ ಎಂಥ ಗಟ್ಟಿಗನಿಗೂ ಉಸಿರು ಕಟ್ಟುತ್ತದೆ. ಆದ್ದರಿಂದ ಆಟ ನಿಲ್ಲದಂತೆಯೇ ಆಟಗಾರರು ಬದಲಾಗುತ್ತಿರುತ್ತಾರೆ. ಒಂದು ಪಂದ್ಯಕ್ಕೆ ಹನ್ನೆರಡು ಫಾರ್ವರ್ಡ್, ಆರು ರಕ್ಷಣಾ ಆಟಗಾರರು, ಇಬ್ಬರು ಗೋಲ್‌ಕೀಪರ್‌ಗಳು ಸಜ್ಜಾಗುತ್ತಾರೆ. ಫಾರ್ವರ್ಡ್‌ಗಳು ಮೂವರಂತೆ ನಾಲ್ಕು ಸಾಲು, ರಕ್ಷಣೆಯವರು ಇಬ್ಬರಂತೆ ಮೂರು ಜೋಡಿ. ತಂಡದ ಪಟ್ಟಿಯಲ್ಲಿ ಗರಿಷ್ಠ ಇಪ್ಪತ್ಮೂರು ಹೆಸರು. ಹದಿಮೂರನೇ ಫಾರ್ವರ್ಡ್ ಸೂಟು ತೊಟ್ಟು ಮೇಲೆ ಕುಳಿತು, ಯಾರಿಗಾದರೂ ಪೆಟ್ಟಾದರೆ ಕೆಳಗಿಳಿಯಲು ಕಾಯುತ್ತಾನೆ.

ಮೊದಲ ಎರಡು ಸಾಲಿನವರು ಗೋಲು ಹೊಡೆಯಬೇಕು. ಕೆಳಗಿನ ಎರಡು ಸಾಲಿನ ಆರು ಜನರ ಕೆಲಸ ಒಂದೇ ಮಾತಿಗೆ ಸಿಗುವುದಿಲ್ಲ. ನಕ್ಷತ್ರಗಳು ಬೆಂಚಿನಲ್ಲಿ ಉಸಿರು ತೆಗೆದುಕೊಳ್ಳುವಾಗ ಗೋಲು ಬಿಟ್ಟುಕೊಡದಿರುವುದು, ತಂಡದ ಒಬ್ಬ ದಂಡನೆಗೆ ಒಳಗಾಗಿ ಎರಡು ನಿಮಿಷ ಹೊರಗೆ ಕುಳಿತಾಗ ನಾಲ್ವರಲ್ಲಿ ಒಬ್ಬನಾಗಿ ನಿಂತು ಐವರನ್ನು ತಡೆಯುವುದು, ಹಾರಿ ಬರುವ ಗಟ್ಟಿ ರಬ್ಬರಿನ ಪಕ್ಕಿಗೆ ಮೈಯೊಡ್ಡುವುದು. 2024ರಲ್ಲಿ ಒಂದು ಋತುವಿಗೆ 82 ಪಂದ್ಯ ಇದ್ದವು. ಅದಾದ ಮೇಲೆ ಕಪ್ಪಿಗಾಗಿ ನಾಲ್ಕು ಸುತ್ತು, ಪ್ರತಿ ಸುತ್ತಿನಲ್ಲೂ ನಾಲ್ಕು ಗೆಲುವು. 2024ರಲ್ಲಿ ಎಡ್ಮಂಟನ್ ಪ್ಲೇಆಫ್‌ನಲ್ಲೇ 25 ಪಂದ್ಯ ಆಡಿತು. ಹನ್ನೆರಡು ಜನ ಮಾತ್ರ ನಂಬಿಕೆಗೆ ಅರ್ಹರಾಗಿರುವ ತಂಡ ಅಷ್ಟು ದೂರ ನಡೆಯಲಾರದು.

ಇನ್ನು ಹಣದ ಮಾತು. ಈ ಜಗಳದ ಬೇರು ಇರುವುದೇ ಅಲ್ಲಿ.

ಸಂಬಳದ ಮಿತಿಯ ಪ್ರಶ್ನೆಯ ಮೇಲೆ ಮಾಲೀಕರು ಮತ್ತು ಆಟಗಾರರ ನಡುವೆ ಒಪ್ಪಂದವಾಗದೆ 2004-05ರ ಇಡೀ ಋತುವೇ ರದ್ದಾಯಿತು. ಆ ಬಳಿಕ ಎನ್‌ಎಚ್‌ಎಲ್ ಎಂಬ ಈ ಉತ್ತರ ಅಮೆರಿಕದ ಲೀಗಿನಲ್ಲಿ ಪ್ರತಿ ತಂಡದ ಒಟ್ಟು ಸಂಬಳಕ್ಕೂ ಒಂದೇ ಮಿತಿ. 2024-25ಕ್ಕೆ ಅದು 8.8 ಕೋಟಿ ಡಾಲರ್. ಮಾಲೀಕ ಎಷ್ಟೇ ಸಿರಿವಂತನಾಗಿದ್ದರೂ ಈ ಗೆರೆಯ ಆಚೆಗೆ ಕೈ ಚಾಚುವಂತಿಲ್ಲ. ಎಡ್ಮಂಟನ್ ಆಗ ಮೆಕ್‌ಡೇವಿಡ್‌ಗೆ 1.25 ಕೋಟಿ, ಡಾರ್ನೆಲ್ ನರ್ಸ್‌ಗೆ 92.5 ಲಕ್ಷ, ಲಿಯಾನ್ ಡ್ರೈಸೈಟ್ಲ್‌ಗೆ 85 ಲಕ್ಷ, ಝ್ಯಾಕ್ ಹೈಮನ್‌ಗೆ 55 ಲಕ್ಷ, ರಯಾನ್ ನ್ಯೂಜೆಂಟ್-ಹಾಪ್ಕಿನ್ಸ್‌ಗೆ 51.25 ಲಕ್ಷ ಡಾಲರ್ ಲೆಕ್ಕ ಬರೆಯುತ್ತಿತ್ತು. ಐದು ಹೆಸರಿಗೆ ನಾಲ್ಕು ಕೋಟಿ ಮೀರಿತು. ಉಳಿದ ಹದಿನೆಂಟು ಜನಕ್ಕೆ ಹಂಚಲು ಸುಮಾರು 4.7 ಕೋಟಿ. ಅದರಲ್ಲೂ ಹಳೆಯ ಸಾಲಗಳಿದ್ದವು. ಗೋಲ್‌ಕೀಪರ್ ಜ್ಯಾಕ್ ಕ್ಯಾಂಪ್‌ಬೆಲ್ ಅವರ ಒಪ್ಪಂದವನ್ನು ಆ ಬೇಸಿಗೆ ತಂಡ ಹಣ ಕೊಟ್ಟು ಮುರಿಯಿತು. ನಿಯಮದಂತೆ, ಮುರಿದ ಒಪ್ಪಂದದ ಭಾರ ಉಳಿದಿದ್ದ ಅವಧಿಯ ಎರಡು ಪಟ್ಟು ಕಾಲ ಲೆಕ್ಕದಲ್ಲಿ ಉಳಿಯುತ್ತದೆ. ಮೂರು ವರ್ಷದ ತಪ್ಪಿಗೆ ಆರು ವರ್ಷದ ಕಂತು.

ಮೆಕ್‌ಡೇವಿಡ್ ಬೇಕೋ ಬೇಡವೋ ಎಂದು ಯಾರೂ ಚರ್ಚಿಸುವುದಿಲ್ಲ. ಮೇಲಿನ ಹೆಸರುಗಳೆಲ್ಲ ಬಹುಮಟ್ಟಿಗೆ ತೀರ್ಮಾನವಾಗಿರುತ್ತವೆ. ಆಯ್ಕೆಗೆ ನಿಜವಾಗಿ ಉಳಿಯುವುದು ತಳದ ಕೆಲವು ಲಕ್ಷಗಳು, ತಳದ ಕೆಲವು ಸ್ಥಾನಗಳು. ಒಂದೇ ಸಂಬಳದ ಮಿತಿಯಲ್ಲಿ 32 ತಂಡಗಳು ಸೆಣಸುವಾಗ, ಹತ್ತು ಲಕ್ಷಕ್ಕೆ ಸಿಕ್ಕವನು ಮೂವತ್ತು ಲಕ್ಷದ ಆಟ ಆಡಿದರೆ ತಂಡ ಅಷ್ಟರಮಟ್ಟಿಗೆ ಮುಂದೆ ಹೋಗುತ್ತದೆ. ಅಭಿಮಾನಿಗಳು ಇದನ್ನು ಚೆನ್ನಾಗಿ ಅರಿತಿದ್ದಾರೆ. ತಂಡಗಳ ಲೆಕ್ಕಪತ್ರವನ್ನು ಡಾಲರ್ ಡಾಲರಿಗೂ ತೋರಿಸುತ್ತಿದ್ದ ಕ್ಯಾಪ್‌ಫ್ರೆಂಡ್ಲಿ ಎಂಬ ಜಾಲತಾಣವನ್ನು ವಾಷಿಂಗ್ಟನ್ ತಂಡವೇ ಕೊಂಡುಕೊಂಡು ಅದೇ 2024ರ ಜುಲೈನಲ್ಲಿ ಸಾರ್ವಜನಿಕರಿಗೆ ಮುಚ್ಚಿತು. ಮನೆಯ ಖಾತೆ ಪುಸ್ತಕ ಕಳೆದುಹೋದಂತೆ ಜನ ಪರಿತಪಿಸಿದರು. ಅಭಿಮಾನಿಗಳಿಗಾಗಿ ಹುಟ್ಟಿದ ಲೆಕ್ಕವನ್ನು ಒಂದು ತಂಡ ತನಗೇ ಬೇಕೆಂದು ಕೊಳ್ಳುವಷ್ಟು ಅದರ ಬೆಲೆ ಬೆಳೆದಿತ್ತು.

ಒಪ್ಪಂದ ಮುಗಿದ ಆಟಗಾರರಲ್ಲಿ ಎರಡು ಬಗೆ. ಇಪ್ಪತ್ತೇಳು ವಯಸ್ಸು ತುಂಬಿದವರು ಅಥವಾ ಏಳು ಋತು ಕಳೆದವರು ಪೂರ್ತಿ ಸ್ವತಂತ್ರರು. ಜುಲೈ 1ರಂದು ಮಾರುಕಟ್ಟೆ ತೆರೆದ ಕೂಡಲೇ ಯಾವ ತಂಡಕ್ಕೆ ಬೇಕಾದರೂ ಸಹಿ ಹಾಕಬಹುದು. ಅದಕ್ಕಿಂತ ಕಿರಿಯರು ಅರೆಸ್ವತಂತ್ರರು. ಅವರಿಗೆ ಬೇರೊಂದು ತಂಡ ಲಿಖಿತ ಪ್ರಸ್ತಾಪ ಕೊಡಬಹುದು. ಆದರೆ ಹಳೆಯ ತಂಡಕ್ಕೆ ಏಳು ದಿನ ಸಮಯವಿರುತ್ತದೆ. ಅಷ್ಟರಲ್ಲಿ ಅದೇ ಮೊತ್ತ ಕೊಟ್ಟು ಉಳಿಸಿಕೊಳ್ಳಬಹುದು, ಇಲ್ಲವೇ ಹೊಸ ತಂಡದಿಂದ ಮುಂದಿನ ವರ್ಷದ ಪ್ರತಿಭಾ ಆಯ್ಕೆಯಲ್ಲಿ (ಎಳೆಯ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಸುತ್ತುಗಳಲ್ಲಿ) ಒಂದಿಷ್ಟು ಸರದಿಗಳನ್ನು ಪರಿಹಾರವಾಗಿ ಪಡೆದು ಬಿಟ್ಟುಕೊಡಬಹುದು. ಐಪಿಎಲ್ ನೋಡುವವರಿಗೆ ಇದು ಆರ್‌ಟಿಎಂ ಹಕ್ಕಿನ ನೆನಪು ತರಬಹುದು. 2024ರ ನವೆಂಬರಿನ ಜೆಡ್ಡಾ ಹರಾಜಿನಲ್ಲಿ ವಿಲ್ ಜ್ಯಾಕ್ಸ್ ಮೇಲೆ ಆ ಹಕ್ಕನ್ನು ಚಲಾಯಿಸದೆ ಆರ್‌ಸಿಬಿ ಅವರನ್ನು ಮುಂಬೈಗೆ ಬಿಟ್ಟಾಗ ಬೆಂಗಳೂರಿನಲ್ಲಿ ಎದ್ದ ತಕರಾರು ಅನೇಕರಿಗೆ ನೆನಪಿರಬೇಕು. ವ್ಯತ್ಯಾಸವೆಂದರೆ ಅಲ್ಲಿ ಉತ್ತರಕ್ಕೆ ಸಿಗುವುದು ಕೆಲವೇ ಗಳಿಗೆ, ಇಲ್ಲಿ ಒಂದು ವಾರ. ಆ ಒಂದು ವಾರದಲ್ಲಿ ಊರಿಗೆ ಊರೇ ನಿದ್ದೆಗೆಡಬಹುದು.

ಎಡ್ಮಂಟನ್‌ನಲ್ಲಿ ಆದದ್ದು ಹಾಗೆಯೇ.

ಫೈನಲ್ ಮುಗಿದ ಮೂರೇ ದಿನಕ್ಕೆ ವ್ಯವಸ್ಥಾಪಕ ಕೆನ್ ಹಾಲೆಂಡ್ ನಿರ್ಗಮಿಸಿದರು. ಜುಲೈ 1ರಂದು ಖರೀದಿ ನಡೆಸಿದ್ದು ಕ್ಲಬ್ಬಿನ ಹಾಕಿ ವಿಭಾಗದ ಮುಖ್ಯಸ್ಥ ಜೆಫ್ ಜಾಕ್ಸನ್. ಅಂದು ಊರು ಹಬ್ಬದಂತಿತ್ತು. ಬಫಲೋ ತಂಡ ಒಪ್ಪಂದ ಮುರಿದು ಬಿಟ್ಟಿದ್ದ ಜೆಫ್ ಸ್ಕಿನ್ನರ್ 30 ಲಕ್ಷ ಡಾಲರ್‌ಗೆ ಬಂದರು. ವಿಕ್ಟರ್ ಅರ್ವಿಡ್ಸನ್ 40 ಲಕ್ಷಕ್ಕೆ ಬಂದರು. ಹೆನ್ರಿಕ್, ಯಾನ್ಮಾರ್ಕ್, ಕಾನರ್ ಬ್ರೌನ್, ಕೋರಿ ಪೆರ್ರಿ ಉಳಿದುಕೊಂಡರು. ಬಹುತೇಕ ಎಲ್ಲರೂ ಮೂವತ್ತು ದಾಟಿದವರು. ಕೆಲವು ದಿನಗಳ ನಂತರ ಮೂರನೇ ಸಾಲಿನ ವೇಗಿ ರಯಾನ್ ಮೆಕ್‌ಲೌಡ್ ಅವರನ್ನು ಬಫಲೋಗೆ ಕೊಟ್ಟು, ಇಪ್ಪತ್ತು ವಯಸ್ಸಿನ ಮ್ಯಾಥ್ಯೂ ಸವೋಯ್ ಅವರನ್ನು ತಂದರು. ಜುಲೈ 24ಕ್ಕೆ ಸ್ಟ್ಯಾನ್ ಬೋಮನ್ ಹೊಸ ವ್ಯವಸ್ಥಾಪಕರಾದರು.

ಈ ಸಂಭ್ರಮದಲ್ಲಿ ಇಬ್ಬರು ಹುಡುಗರ ಹೆಸರು ಪಟ್ಟಿಯ ಅಂಚಿನಲ್ಲಿ ಹಾಗೆಯೇ ಉಳಿಯಿತು. ಒಬ್ಬ ಫಿಲಿಪ್ ಬ್ರೋಬರ್ಗ್, 23ರ ಸ್ವೀಡನ್ ಹುಡುಗ, ರಕ್ಷಣಾ ಆಟಗಾರ, 2019ರ ಪ್ರತಿಭಾ ಆಯ್ಕೆಯಲ್ಲಿ ಎಂಟನೆಯವನು. ಹಿಂದಿನ ಋತುವಿನ ಬಹುಪಾಲನ್ನು ಬೇಕರ್ಸ್‌ಫೀಲ್ಡ್‌ನ ಕಿರಿಯ ತಂಡದಲ್ಲಿ ಕಳೆದು, ದೊಡ್ಡ ತಂಡಕ್ಕೆ ಹನ್ನೆರಡೇ ಲೀಗ್ ಪಂದ್ಯ ಆಡಿದ್ದ. ಆದರೆ ಡಲ್ಲಾಸ್ ವಿರುದ್ಧದ ಸರಣಿಯ ನಡುವೆ ಕಣಕ್ಕಿಳಿಸಿದ ಮೇಲೆ ಅವನನ್ನು ಕೂರಿಸುವ ಅಗತ್ಯ ಬೀಳಲಿಲ್ಲ. ಇನ್ನೊಬ್ಬ ಡಿಲನ್ ಹಾಲೋವೇ, 22ರ ಫಾರ್ವರ್ಡ್, 2020ರಲ್ಲಿ ಹದಿನಾಲ್ಕನೆಯ ಆಯ್ಕೆ. 38 ಲೀಗ್ ಪಂದ್ಯಗಳಲ್ಲಿ ಆರೇ ಗೋಲು. ಆದರೆ ಫೈನಲ್‌ನ ನಾಲ್ಕನೇ ಪಂದ್ಯವನ್ನು ಎಡ್ಮಂಟನ್ 8-1ರಿಂದ ಗೆದ್ದಾಗ ಅದರಲ್ಲಿ ಎರಡು ಗೋಲು ಇವನವು. ಇಬ್ಬರೂ ಅರೆಸ್ವತಂತ್ರರು. ಎಲ್ಲಿಗೆ ಹೋದಾರು ಎಂಬ ನೆಮ್ಮದಿ ಎಲ್ಲರಿಗೂ ಇತ್ತು. ಏಕೆಂದರೆ ಇಂಥ ಪ್ರಸ್ತಾಪಗಳು ಬಲು ಅಪರೂಪ. ನಿಯಮದಲ್ಲಿ ಅವಕಾಶವಿದ್ದರೂ ವ್ಯವಸ್ಥಾಪಕರ ನಡುವೆ ಅದು ಮರ್ಯಾದೆಗೇಡು ಎಂಬ ಅಲಿಖಿತ ನಂಬಿಕೆ. 2007ರಲ್ಲಿ ಇದೇ ಎಡ್ಮಂಟನ್ ಅನಾಹೈಮ್ ತಂಡದ ಡಸ್ಟಿನ್ ಪೆನ್ನರ್ ಅವರನ್ನು ಹೀಗೆ ಸೆಳೆದುಕೊಂಡಾಗ ಎರಡೂ ಕಡೆಯ ವ್ಯವಸ್ಥಾಪಕರ ನಡುವೆ ವರ್ಷಗಟ್ಟಲೆ ಮಾತು ಕೆಟ್ಟಿತ್ತು.

ಆಗಸ್ಟ್ 13ರ ಬೆಳಿಗ್ಗೆ ಸೇಂಟ್ ಲೂಯಿಸ್ ಬ್ಲೂಸ್ ಇಬ್ಬರಿಗೂ ಒಟ್ಟಿಗೆ ಪ್ರಸ್ತಾಪ ಕೊಟ್ಟಿತು. ಬ್ರೋಬರ್ಗ್‌ಗೆ ವರ್ಷಕ್ಕೆ 45,80,917 ಡಾಲರ್. ಹಾಲೋವೇಗೆ 22,90,457 ಡಾಲರ್. ಎರಡೂ ಎರಡೆರಡು ವರ್ಷಕ್ಕೆ.

ಆ ಕೊನೆಯ ಅಂಕಿಗಳನ್ನು ಗಮನಿಸಿ. ಪರಿಹಾರದ ಪಟ್ಟಿ ಮೆಟ್ಟಿಲುಗಳಂತಿದೆ. ಆ ವರ್ಷ 22,90,457ರವರೆಗಿನ ಮೆಟ್ಟಿಲಿಗೆ ಮೂರನೇ ಸುತ್ತಿನ ಒಂದು ಸರದಿ ಕೊಟ್ಟರೆ ಸಾಕು. ಅಲ್ಲಿಂದ 45,80,917ರವರೆಗೆ ಎರಡನೇ ಸುತ್ತಿನದು. ಅದರ ಮೇಲೆ ಒಂದೇ ಒಂದು ಡಾಲರ್ ಹೆಚ್ಚಾದರೂ ಮೊದಲ ಸುತ್ತಿನ ಸರದಿಯನ್ನೂ ಜೊತೆಗೆ ಮೂರನೇ ಸುತ್ತಿನದನ್ನೂ ಕೊಡಬೇಕು. ಬ್ಲೂಸ್ ಎರಡೂ ಮೆಟ್ಟಿಲುಗಳ ತುತ್ತತುದಿಯಲ್ಲಿ, ಕಾಲಬೆರಳು ಅಂಚಿಗೆ ತಾಗುವಂತೆ ನಿಂತಿತ್ತು. ಪರಿಹಾರಕ್ಕೆ ತನ್ನದೇ ಮೂಲ ಸರದಿ ಬೇಕೆಂಬ ನಿಯಮವಿದೆ. ಹಿಂದೆ ಪಿಟ್ಸ್‌ಬರ್ಗ್‌ಗೆ ಕೊಟ್ಟಿದ್ದ ಎರಡನೇ ಸುತ್ತಿನ ಸರದಿಯನ್ನು ಅದಕ್ಕಾಗಿಯೇ ಮರಳಿ ಪಡೆದುಕೊಂಡಿತ್ತು. ಇದು ಎಷ್ಟು ದಿನದ ತಯಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಬ್ಬರನ್ನೂ ಉಳಿಸಿಕೊಳ್ಳಲು ಬೇಕಾದದ್ದು 68.7 ಲಕ್ಷ. ಎಡ್ಮಂಟನ್‌ನ ಖಾತೆ ಆಗಲೇ ಮಿತಿಗೆ ತಾಗಿತ್ತು. ಆ ಏಳು ದಿನ ನಡೆದ ವಾದಗಳನ್ನು ಗಮನಿಸಿದವರಿಗೆ ಗೊತ್ತು, ಅವು ಬರಿಯ ಕೂಗಾಟವಾಗಿರಲಿಲ್ಲ. ಒಂದು ಗುಂಪು ಹೇಳಿತು: ಬೇಸಿಗೆಯಲ್ಲಿ ಮಿತಿಯನ್ನು ಶೇಕಡ 10ರಷ್ಟು ಮೀರಲು ಅವಕಾಶವಿದೆ, ಇವ್ಯಾಂಡರ್ ಕೇನ್ ಗಾಯಾಳು, ಅವರ 51.25 ಲಕ್ಷ ದೀರ್ಘಕಾಲದ ಗಾಯದ ಪಟ್ಟಿಗೆ ಹೋದರೆ ಜಾಗ ಸಿಗುತ್ತದೆ, ಹುಡುಗರನ್ನು ಬಿಡಬೇಡಿ. ಇನ್ನೊಂದು ಗುಂಪು ಕೇಳಿತು: ಕೇನ್ ಜನವರಿಯಲ್ಲಿ ಮರಳಿದರೆ ಯಾರನ್ನು ಹೊರಹಾಕುತ್ತೀರಿ? ಪಂದ್ಯಕ್ಕೆ ಹದಿನೈದು ನಿಮಿಷ ಆಡುವವನಿಗೆ 45 ಲಕ್ಷ ಕೊಟ್ಟರೆ ಬರುವ ವರ್ಷ ಡ್ರೈಸೈಟ್ಲ್‌ಗೂ ರಕ್ಷಣಾ ಆಟಗಾರ ಬುಶಾರ್ಡ್‌ಗೂ ಏನು ಕೊಡುತ್ತೀರಿ? ಮೇಲಾಗಿ, ಹೀಗೆ ಉಳಿಸಿಕೊಂಡ ಆಟಗಾರನನ್ನು ಒಂದು ವರ್ಷ ಮಾರುವಂತಿಲ್ಲ. ಮೂರನೆಯವರು ಹಾಲೋವೇ ಒಬ್ಬನನ್ನಾದರೂ ಉಳಿಸಿಕೊಳ್ಳಿ ಎಂದರು.

ಆಗಸ್ಟ್ 18ರಂದು ಬೋಮನ್ ಸೀಸಿಯನ್ನು ಸ್ಯಾನ್ ಹೊಸೆಗೆ ಕೊಟ್ಟು 32.5 ಲಕ್ಷದ ಜಾಗ ಬಿಡಿಸಿದರು. ಬದಲಿಗೆ ಬಂದವರು ಕಡಿಮೆ ಸಂಬಳದ ಟೈ ಎಂಬರ್ಸನ್. ಅದೇ ದಿನ ವ್ಯಾಂಕೂವರ್‌ನಿಂದ ವಾಸಿಲಿ ಪೊಡ್ಕೋಲ್ಜಿನ್ ಬಂದರು. ಉಳಿಸಿಕೊಳ್ಳುವುದಕ್ಕೆ ಜಾಗ ಮಾಡುತ್ತಿದ್ದಾರೆ ಎಂದು ಒಂದು ಗುಂಪು ಹಿಗ್ಗಿತು. ಬದಲಿಗಳನ್ನು ತಂದುಕೊಂಡಾಯಿತು ಎಂದು ಇನ್ನೊಂದು ಗುಂಪು ಕುಗ್ಗಿತು. 20ರಂದು ತೀರ್ಮಾನ ಬಂತು: ಇಬ್ಬರೂ ಹೊರಟರು. ಐಸ್ ಹಾಕಿಯ ದಂತಕಥೆ ವೇಯ್ನ್ ಗ್ರೆಟ್ಜ್‌ಕಿಯನ್ನು ಲಾಸ್ ಏಂಜಲೀಸ್‌ಗೆ ಮಾರಿದ 1988ರ ಆಗಸ್ಟ್ 9ನ್ನು ಇನ್ನೂ ಮರೆಯದ ಊರು ಅದು. ಗಾಯದ ಗಾತ್ರ ಬೇರೆ, ತಿಂಗಳು ಒಂದೇ.

ಮುಂದಿನ ಋತುವಿನಲ್ಲಿ ಹಾಲೋವೇ ಸೇಂಟ್ ಲೂಯಿಸ್‌ಗೆ 77 ಪಂದ್ಯಗಳಲ್ಲಿ 26 ಗೋಲು ಹೊಡೆದ, ನೆರವುಗಳೂ ಸೇರಿ 63 ಅಂಕ. ಬ್ರೋಬರ್ಗ್ ಮೊದಲ ನಾಲ್ವರು ರಕ್ಷಣಾ ಆಟಗಾರರಲ್ಲಿ ಒಬ್ಬನಾಗಿ ನೆಲೆನಿಂತ. ಎಡ್ಮಂಟನ್‌ನಲ್ಲಿ ಸ್ಕಿನ್ನರ್ 16 ಗೋಲು, ಅರ್ವಿಡ್ಸನ್ 15. ವರ್ಷ ತಿರುಗುವಷ್ಟರಲ್ಲಿ ಇಬ್ಬರೂ ಆ ಊರಿನಲ್ಲಿರಲಿಲ್ಲ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಆಗಸ್ಟ್ 20ರ ತೀರ್ಮಾನ ತಪ್ಪೆಂದು ನನಗೆ ಅನಿಸುವುದಿಲ್ಲ. ಅಂದಿನ ಖಾತೆಯಲ್ಲಿ ಬ್ರೋಬರ್ಗ್‌ಗೆ ಅಷ್ಟು ಕೊಡುವುದು ನಿಜಕ್ಕೂ ಕಷ್ಟವಿತ್ತು. ತಪ್ಪು ನಡೆದದ್ದು ಜುಲೈ 1ರಂದು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ. ಓಡಿಹೋಗಬಲ್ಲ ಹಿರಿಯರಿಗೆ ಮೊದಲು ಸಹಿ, ಓಡಿಹೋಗಲಾರರು ಎಂದುಕೊಂಡ ಕಿರಿಯರಿಗೆ ಆಮೇಲೆ, ಉಳಿದದ್ದರಲ್ಲಿ. ಖಾತೆ ತುಂಬಿಸಿಕೊಂಡ ತಂಡ ಎಂದರೆ ಬಾಗಿಲು ತೆರೆದಿಟ್ಟ ಮನೆ. ಬ್ಲೂಸ್ ಒಳಬಂದದ್ದು ಅದೇ ಬಾಗಿಲಿನಿಂದ. ಅಂಥ ವೇಳೆಯಲ್ಲಿ ನಾಲ್ಕನೇ ಸಾಲಿನವರ ಬಗ್ಗೆ ತಲೆಕೆಡಿಸಿಕೊಂಡು ಹುಡುಗರ ಸಹಿ ಎಲ್ಲಿ ಎಂದು ಜುಲೈ ಮೊದಲ ವಾರವೇ ಕೇಳಿದ್ದ ಕೆಲವರನ್ನು ಗೊಣಗುವವರೆಂದು ತಳ್ಳಿಹಾಕಿದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಬ್ಲೂಸ್ ಕೊಟ್ಟ ಎರಡನೇ ಸುತ್ತಿನ ಸರದಿ ಎಲ್ಲಿಗೆ ಹೋಯಿತು ಎಂಬುದನ್ನೂ ಹೇಳಬೇಕು. 2025ರ ಮಾರ್ಚ್‌ನಲ್ಲಿ ಅದು ಬಾಸ್ಟನ್‌ಗೆ ಹೋಗಿ, ಟ್ರೆಂಟ್ ಫ್ರೆಡರಿಕ್ ಎಂಬ ಕೆಳಸಾಲಿನ ಗಟ್ಟಿಗನನ್ನು ತಂದುಕೊಟ್ಟಿತು. ಬೇಸಿಗೆಯಲ್ಲಿ ಅವರಿಗೆ ಎಂಟು ವರ್ಷ, ವರ್ಷಕ್ಕೆ 38.5 ಲಕ್ಷದ ಒಪ್ಪಂದ. ಬ್ರೋಬರ್ಗ್ ಜಾಗದಲ್ಲಿ ಹೀಗೆ ಫ್ರೆಡರಿಕ್ ಕುಳಿತರು. ಹೊಸ ಜಗಳವೂ ಅಲ್ಲಿಂದಲೇ ಮೊದಲಾಯಿತು.

ಕೆಳಸಾಲಿನವರನ್ನು ಅಳೆಯುವುದು ಏಕೆ ಇಷ್ಟು ಕಷ್ಟ? ಕಾನರ್ ಬ್ರೌನ್ ಅವರನ್ನೇ ನೋಡಿ. 2023ರಲ್ಲಿ ಅವರು ಕನಿಷ್ಠ ಸಂಬಳಕ್ಕೆ, 7.75 ಲಕ್ಷಕ್ಕೆ, ಸಹಿ ಹಾಕಿದರು. ಹತ್ತು ಪಂದ್ಯ ಆಡಿದರೆ 32.25 ಲಕ್ಷ ಬೋನಸ್, ಅದರ ಭಾರ ಮುಂದಿನ ವರ್ಷದ ಖಾತೆಯ ಮೇಲೆ. ಶರತ್ಕಾಲ ಕಳೆಯಿತು, ಚಳಿಗಾಲ ಕಳೆಯಿತು, ಒಂದು ಗೋಲೂ ಇಲ್ಲ. ಮೊದಲ ಗೋಲು ಬಂದದ್ದು ಮಾರ್ಚ್‌ನಲ್ಲಿ. ಅಂದು ಕ್ರೀಡಾಂಗಣ ಎದ್ದು ನಿಂತು ಕೂಗಿದ ರೀತಿಗೆ ಕಪ್ಪೇ ಬಂತೇನೋ ಅನ್ನಿಸುವಂತಿತ್ತು. ಋತುವಿನ ಕೊನೆಗೆ 71 ಪಂದ್ಯಗಳಲ್ಲಿ ನಾಲ್ಕೇ ಗೋಲು. ಅಂಕಿಗಳ ಮೇಲೆ ನಿರ್ಧರಿಸಿದ್ದರೆ ಏಪ್ರಿಲ್‌ನಲ್ಲಿ ಅವರು ಸೂಟು ತೊಟ್ಟು ಮೇಲೆ ಕುಳಿತಿರಬೇಕಿತ್ತು. ಆದರೆ ಫೈನಲ್‌ನ ನಾಲ್ಕನೇ ಪಂದ್ಯದಲ್ಲಿ ತಂಡ ಒಬ್ಬ ಕಡಿಮೆಯಿದ್ದಾಗ ಯಾನ್ಮಾರ್ಕ್ ಹೊಡೆದ ಗೋಲಿಗೆ ಪಾಸು ಕೊಟ್ಟವರು ಬ್ರೌನ್. ಐದನೆಯದರಲ್ಲಿ ಅಂಥದೇ ಸ್ಥಿತಿಯಲ್ಲಿ ತಾವೇ ಹೊಡೆದರು.

ಅನುಭವಿ ಅಭಿಮಾನಿಗಳು ಅದಕ್ಕೇ ಗೋಲುಗಳನ್ನಷ್ಟೇ ಎಣಿಸುವುದಿಲ್ಲ. ಮೆಕ್‌ಡೇವಿಡ್ ಬೆಂಚಿನಲ್ಲಿರುವ ನಿಮಿಷಗಳನ್ನು ಬೇರ್ಪಡಿಸಿ, ಆಗ ತಂಡ ಹೊಡೆದದ್ದೆಷ್ಟು, ಬಿಟ್ಟುಕೊಟ್ಟದ್ದೆಷ್ಟು ಎಂದು ನೋಡುತ್ತಾರೆ. ಒಬ್ಬ ಆಟಗಾರ ಎದುರಾಳಿಯ ಯಾವ ಸಾಲಿನ ಎದುರು, ಮಂಜಿನ ಯಾವ ತುದಿಯಲ್ಲಿ ಆಟ ಆರಂಭಿಸಿದ ಎಂದು ಕೇಳುತ್ತಾರೆ. ಹೊಡೆತಗಳಲ್ಲಿ ಎಷ್ಟು ಪಾಲು ಗೋಲಾದವು ಎಂಬುದನ್ನು ಅನುಮಾನದಿಂದ ನೋಡುತ್ತಾರೆ, ಏಕೆಂದರೆ ಎಂಟು ನಿಮಿಷದ ಆಟಗಾರನ ಲೆಕ್ಕದಲ್ಲಿ ಅದೃಷ್ಟದ ಪಾಲು ದೊಡ್ಡದು.

ಬೇಸಿಗೆಯ ವಾದಕ್ಕೆ ಕೊನೆಯ ಗಡುವು ಅಕ್ಟೋಬರ್ ಮೊದಲ ವಾರ. ಸೆಪ್ಟೆಂಬರ್ ಶಿಬಿರ ಮುಗಿದು ಪಟ್ಟಿ ಇಪ್ಪತ್ಮೂರಕ್ಕೆ ಇಳಿಯಬೇಕು. ತೀರ ಎಳೆಯರನ್ನು ಬಿಟ್ಟು ಯಾರನ್ನೇ ಕಿರಿಯ ತಂಡಕ್ಕೆ ಕಳುಹಿಸುವುದಾದರೂ ಮೊದಲು ವೇವರ್ಸ್ ಎಂಬ ಪಟ್ಟಿಯಲ್ಲಿ ಅವನ ಹೆಸರು ಹಾಕಬೇಕು. ಇಪ್ಪತ್ತನಾಲ್ಕು ಗಂಟೆ. ಅಷ್ಟರೊಳಗೆ ಉಳಿದ 31 ತಂಡಗಳಲ್ಲಿ ಯಾವುದು ಬೇಕಾದರೂ, ಏನನ್ನೂ ಕೊಡದೆ, ಅವನನ್ನೂ ಅವನ ಒಪ್ಪಂದವನ್ನೂ ಎತ್ತಿಕೊಳ್ಳಬಹುದು. ಎಡ್ಮಂಟನ್ ಗಡಿಯಾರದಲ್ಲಿ ಅದು ನಡುಮಧ್ಯಾಹ್ನ ಹನ್ನೆರಡಕ್ಕೆ ಗೊತ್ತಾಗುತ್ತದೆ. 2021ರ ಜನವರಿಯಲ್ಲಿ ಕ್ಯಾರೊಲಿನಾ ಹೀಗೆ ಪಟ್ಟಿಗೆ ಹಾಕಿದ ಗುಸ್ತಾವ್ ಫೋರ್ಸ್‌ಲಿಂಗ್ ಅವರನ್ನು ಫ್ಲಾರಿಡಾ ಎತ್ತಿಕೊಂಡಿತು. ಎಡ್ಮಂಟನ್ ಅನ್ನು ಎರಡು ಫೈನಲ್‌ಗಳಲ್ಲಿ ತಡೆದ ರಕ್ಷಣೆಯ ಬೆನ್ನೆಲುಬು ಅವರೇ.

ಎಡ್ಮಂಟನ್‌ಗೂ ಹೀಗೆ ಒಬ್ಬರು ಸಿಕ್ಕರು. 2024ರ ನವೆಂಬರ್‌ನಲ್ಲಿ ಸೇಂಟ್ ಲೂಯಿಸ್ ಪಟ್ಟಿಗೆ ಹಾಕಿದ ಹೆಸರು ಕಾಸ್ಪೆರಿ ಕಪಾನೆನ್. ಮೂರು ತಿಂಗಳ ಹಿಂದೆ ಇಬ್ಬರು ಹುಡುಗರನ್ನು ಕೊಂಡೊಯ್ದ ಅದೇ ಬ್ಲೂಸ್. ಎಡ್ಮಂಟನ್ ಎತ್ತಿಕೊಂಡಿತು. ಅವರು ಹಲವು ರಾತ್ರಿ ಹದಿಮೂರನೆಯವರಾಗಿ ಮೇಲೆಯೇ ಕುಳಿತರು. 2025ರ ಮೇ 14ರಂದು ಲಾಸ್ ವೇಗಸ್‌ನಲ್ಲಿ ಸರಣಿಯ ಐದನೇ ಪಂದ್ಯ ಅರವತ್ತು ನಿಮಿಷ ಮುಗಿದರೂ ಗೋಲಿಲ್ಲದೆ ಹೆಚ್ಚುವರಿ ಆಟಕ್ಕೆ ಹೋಯಿತು. ಗೋಲಿನ ಬಾಯಿಯಲ್ಲಿ ಕೋಲು-ಕಾಲುಗಳ ಗೋಜಲಿನ ನಡುವೆ ಸಿಕ್ಕಿಕೊಂಡ ಪಕ್ಕನ್ನು ಒಳಗೆ ನೂಕಿ ಸರಣಿಯನ್ನೇ ಮುಗಿಸಿದವರು ಕಪಾನೆನ್.